ಅಪರೂಪದ ಸೋಲ್ ಸಿಂಗಲ್‌ಗಳ ಹರಾಜು ಬೆಲೆಯನ್ನು ಓದುವುದು ಹೇಗೆ?

ಸೋಲ್ ಸಂಗೀತದ ಗಾಯಕ ಡ್ಯಾರೆಲ್ ಬ್ಯಾಂಕ್ಸ್ ಅವರ 'ಓಪನ್ ದಿ ಡೋರ್ ಟು ಯುವರ್ ಹಾರ್ಟ್' ಹಾಡು 1966ರಲ್ಲಿ ಅಮೆರಿಕದ ರೆವಿಲಾಟ್ ಲೇಬಲಿನಲ್ಲಿ, ಅಂದರೆ ಆ ಹೆಸರಿನ ಧ್ವನಿಮುದ್ರಿಕೆ ಸಂಸ್ಥೆಯಿಂದ, ಬಿಡುಗಡೆಯಾಗಿ, ಅಲ್ಲಿನ ರಿದಮ್ ಅಂಡ್ ಬ್ಲೂಸ್ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಸಾಕಷ್ಟು ಮಾರಾಟವಾದ ಆ ಗ್ರಾಮಫೋನ್ ತಟ್ಟೆ ಇಂದಿಗೂ ಸಿಗುತ್ತದೆ, ಬೆಲೆಯೂ ಕೈಗೆಟುಕುವಂಥದ್ದೇ. ಅದೇ ಹಾಡು, ಅದೇ ಕಂಠ, ಅದೇ ಧ್ವನಿಮುದ್ರಣವಿರುವ ಮತ್ತೊಂದು ತಟ್ಟೆ, ಬ್ರಿಟನ್ನಿನ 'ಲಂಡನ್' ಎಂಬ ಹೆಸರಿನ ಲೇಬಲಿನದು, 2014ರ ಡಿಸೆಂಬರಿನಲ್ಲಿ ಹರಾಜಿಗೆ ಬಂದಾಗ 14,543 ಪೌಂಡಿಗೆ, ಅಂದರೆ ಆಗಿನ ವಿನಿಮಯ ದರದಲ್ಲಿ ಹದಿನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಮಾರಾಟವಾಯಿತು. ಎರಡನ್ನೂ ಕಣ್ಣು ಮುಚ್ಚಿ ಕೇಳಿದರೆ ಆ ಲಕ್ಷಗಳು ಎಲ್ಲಿವೆ ಎಂದು ಹೇಳಲಾಗದು.

ದಾಖಲೆ ಬೆಲೆಯ ಸುದ್ದಿ ಓದಿದವರಲ್ಲಿ ಕೆಲವರು ಅದನ್ನು ಹುಚ್ಚಾಟವೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಅಟ್ಟದ ಮೇಲಿನ ಹಳೆಯ ತಟ್ಟೆಗಳೆಲ್ಲ ಬಂಗಾರವೆಂದು ನಂಬಿ ಕೆಳಗಿಳಿಸುತ್ತಾರೆ. ಎರಡೂ ತಪ್ಪು. ಬೆಲೆ ಬಂದದ್ದು ಹಾಡಿಗಲ್ಲ, ಒಂದು ನಿರ್ದಿಷ್ಟ ಪ್ರತಿಗೆ, ಒಂದು ನಿರ್ದಿಷ್ಟ ದಿನ. ಆ ಪ್ರತಿ ಯಾವುದು, ಏಕೆ ವಿರಳವಾಯಿತು, ಯಾರಿಗೆ ಬೇಕಾಗಿತ್ತು ಎಂಬ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಂಡರೆ, ಹುಚ್ಚಾಟವಾಗಿ ಕಂಡ ಸಂಖ್ಯೆಯ ಹಿಂದಿನ ಲೆಕ್ಕ ತಾನಾಗಿ ತೆರೆದುಕೊಳ್ಳುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಮಾರಾಟವಾದದ್ದು ಯಾವ ಪ್ರತಿ ಎಂದು ಗುರುತಿಸಿ

ಸಿಂಗಲ್ ಎಂದರೆ ಏಳು ಅಂಗುಲ ಅಗಲದ, ನಿಮಿಷಕ್ಕೆ 45 ಸುತ್ತು ತಿರುಗುವ, ಒಂದೊಂದು ಬದಿಯಲ್ಲಿ ಒಂದೊಂದು ಹಾಡಿರುವ ತಟ್ಟೆ. ಆರ್‌ಸಿಎ ವಿಕ್ಟರ್ ಕಂಪನಿ ಇದನ್ನು 1949ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಮನೆಗಳಲ್ಲಿ ಹಿರಿಯರು ಜೋಪಾನ ಮಾಡಿದ ಎಚ್‌ಎಂವಿ ತಟ್ಟೆಗಳಲ್ಲಿ ಈ ಅಳತೆಯವು ಬಹುಪಾಲು ನಾಲ್ಕು ಹಾಡುಗಳ ಇಪಿಗಳಾದುದರಿಂದ, ಎರಡೇ ಹಾಡಿನ ಸಿಂಗಲ್ ನಮಗೆ ಅಷ್ಟಾಗಿ ಪರಿಚಿತವಲ್ಲ. ಅಮೆರಿಕದಲ್ಲಿಯಾದರೋ 1960ರ ದಶಕದ ಸೋಲ್ ಸಂಗೀತ, ಅಂದರೆ ಚರ್ಚಿನ ಗಾಸ್ಪೆಲ್ ಗಾಯನವೂ ರಿದಮ್ ಅಂಡ್ ಬ್ಲೂಸ್ ಲಯವೂ ಬೆರೆತು ಕಪ್ಪು ಜನಾಂಗದ ಕಲಾವಿದರಿಂದ ಬೆಳೆದ ಸಂಗೀತ, ಮುಖ್ಯವಾಗಿ ಬದುಕಿದ್ದೇ ಸಿಂಗಲ್‌ಗಳಲ್ಲಿ.

ಗುರುತಿಸುವಾಗ ಹಾಡಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಲೇಬಲು, ಅದರ ಮೇಲಿನ ಕ್ರಮಸಂಖ್ಯೆ, ಅಚ್ಚಾದ ದೇಶ ಮತ್ತು ಪ್ರತಿಯ ಬಗೆ. ಅಂಗಡಿಯಲ್ಲಿ ಮಾರಲು ತಯಾರಿಸಿದ ಸ್ಟಾಕ್ ಪ್ರತಿ ಬೇರೆ, ಆಕಾಶವಾಣಿ ಕೇಂದ್ರಗಳಿಗೂ ವಿಮರ್ಶಕರಿಗೂ ಮುಂಚಿತವಾಗಿ ಕಳುಹಿಸುತ್ತಿದ್ದ ಡೆಮೊ ಅಥವಾ ಪ್ರೋಮೊ ಪ್ರತಿ ಬೇರೆ, ಪರೀಕ್ಷೆಗೆಂದು ಒಂದೆರಡೇ ಕತ್ತರಿಸಿದ ಅಸಿಟೇಟ್ ಬೇರೆ. ಸಾಮಾನ್ಯವಾಗಿ ಡೆಮೊ ಪ್ರತಿಯೇ ವಿರಳ. ಆದರೆ ಬ್ಯಾಂಕ್ಸ್ ಅವರ ತಟ್ಟೆಯ ವಿಷಯದಲ್ಲಿ ಇದು ತಲೆಕೆಳಗಾಗಿತ್ತು: ಲಂಡನ್ ಲೇಬಲಿನ ಡೆಮೊ ಪ್ರತಿಗಳು ಸಂಗ್ರಾಹಕರಿಗೆ ಗೊತ್ತಿದ್ದವು, ಅಂಗಡಿಗೆಂದು ತಯಾರಾದ ಪ್ರತಿ ಉಳಿದಿರಬಹುದೆಂಬ ನಿರೀಕ್ಷೆಯೇ ಅವರಿಗೆ ಇರಲಿಲ್ಲ. 2014ರಲ್ಲಿ ಹೊರಬಂದದ್ದು ಆ ಅಂಗಡಿ ಪ್ರತಿ. ಈ ಒಂದು ವಿವರ ಕೈಬಿಟ್ಟರೆ ಇಡೀ ಸುದ್ದಿ ಅರ್ಥವಾಗುವುದಿಲ್ಲ.

ಎರಡನೇ ಹೆಜ್ಜೆ: ವಿರಳವಾದದ್ದಕ್ಕೆ ಕಾರಣ ಹುಡುಕಿ

ತಟ್ಟೆಗಳು ಸುಮ್ಮಸುಮ್ಮನೆ ಅಪರೂಪವಾಗುವುದಿಲ್ಲ. ಬ್ಯಾಂಕ್ಸ್ ಅವರ ಹಾಡನ್ನು ಬ್ರಿಟನ್ನಿನಲ್ಲಿ ಹೊರತರುವ ಹಕ್ಕು ಯಾರದೆಂಬ ವಿವಾದ ಎದ್ದು, ಕೊನೆಗೆ ಅದು ಸ್ಟೇಟ್‌ಸೈಡ್ ಲೇಬಲಿನ ಪಾಲಾದುದರಿಂದ ಲಂಡನ್ ಲೇಬಲಿನ ಪ್ರತಿಗಳನ್ನು ಹಿಂತೆಗೆದುಕೊಳ್ಳಲಾಯಿತು. ಇದು ಒಂದು ಬಗೆ. ಸಣ್ಣ ಊರಿನ ಸಣ್ಣ ಲೇಬಲು ಕೆಲವೇ ನೂರು ಪ್ರತಿ ಅಚ್ಚು ಹಾಕಿಸಿ, ಹಂಚಲು ವಿತರಕನಿಲ್ಲದೆ ಕೈಚೆಲ್ಲಿದ್ದು ಇನ್ನೊಂದು ಬಗೆ. ವಿರಳ ಸೋಲ್ ತಟ್ಟೆಗಳಲ್ಲಿ ದೊಡ್ಡ ಪಾಲು ಇಂಥವೇ. ಮೂರನೆಯದು ಬಿಡುಗಡೆಯ ಹೊಸ್ತಿಲಲ್ಲೇ ರದ್ದಾದ ತಟ್ಟೆ. ಇದಕ್ಕೆ ಫ್ರಾಂಕ್ ವಿಲ್ಸನ್ ಅವರ 'ಡೂ ಐ ಲವ್ ಯು, ಇಂಡೀಡ್ ಐ ಡೂ' ಎಂಬ ಸಿಂಗಲಿಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಡೆಟ್ರಾಯಿಟಿನಲ್ಲಿ ಬೆರಿ ಗಾರ್ಡಿ ಅವರು 1959ರಲ್ಲಿ ಕಟ್ಟಿದ ಮೋಟೌನ್ ಸಂಸ್ಥೆಗೆ 'ಸೋಲ್' ಎಂಬ ಹೆಸರಿನದೇ ಒಂದು ಉಪಲೇಬಲು ಇತ್ತು. ಮೋಟೌನಿನ ಲಾಸ್ ಏಂಜಲೀಸ್ ಕಚೇರಿಯಲ್ಲಿ ಹಾಡು ಬರೆಯುತ್ತಲೂ ನಿರ್ಮಿಸುತ್ತಲೂ ಇದ್ದ ವಿಲ್ಸನ್ ಅವರು 1965ರಲ್ಲಿ ಈ ಹಾಡನ್ನು ತಾವೇ ಬರೆದು, ತಾವೇ ಹಾಡಿದರು. ಸುಮಾರು 250 ಪ್ರಚಾರ ಪ್ರತಿಗಳು ಅಚ್ಚಾದವೆಂಬುದು ಸಂಗ್ರಾಹಕರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಗಾಯಕರಾಗಿ ಮುಂದುವರಿಯುವುದಕ್ಕಿಂತ ನಿರ್ಮಾಪಕರಾಗಿರುವುದೇ ಲೇಸೆಂದು ತೀರ್ಮಾನವಾದ ಮೇಲೆ ಬಿಡುಗಡೆ ರದ್ದಾಗಿ, ಅಚ್ಚಾದವುಗಳಲ್ಲಿ ಹೆಚ್ಚಿನವು ನಾಶವಾದವು. ವಿಲ್ಸನ್ ಅವರ ಮಟ್ಟಿಗೆ ಆ ತೀರ್ಮಾನ ಸೋಲೇನೂ ಆಗಲಿಲ್ಲ. ಮುಂದೆ ಅವರು ಸುಪ್ರೀಮ್ಸ್, ಫೋರ್ ಟಾಪ್ಸ್, ಎಡ್ಡಿ ಕೆಂಡ್ರಿಕ್ಸ್ ಮೊದಲಾದವರಿಗಾಗಿ ನಿರ್ಮಿಸಿದ ಹಾಡುಗಳು ದೊಡ್ಡ ಯಶಸ್ಸು ಕಂಡವು. ಆದರೆ ತಟ್ಟೆಯ ಮಟ್ಟಿಗೆ, ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಪ್ರತಿಗಳು. ಅವುಗಳಲ್ಲಿ ಒಂದು 2009ರಲ್ಲಿ 25,742 ಪೌಂಡಿಗೆ ಹರಾಜಾಯಿತು. 2020ರಲ್ಲಿ ಒಂದು ಪ್ರತಿ 1,00,000 ಪೌಂಡಿಗೆ, ಎಂದರೆ ಒಂದು ಕೋಟಿ ರೂಪಾಯಿಯ ಆಸುಪಾಸಿಗೆ ಮಾರಾಟವಾದದ್ದು ವರದಿಯಾಯಿತು.

ಮೂರನೇ ಹೆಜ್ಜೆ: ಬೇಡಿಕೆ ಹುಟ್ಟಿದ ಜಾಗಕ್ಕೆ ಹೋಗಿ ನೋಡಿ

ಅಮೆರಿಕದಲ್ಲಿ ಯಾರೂ ಕೊಳ್ಳದ ತಟ್ಟೆಗೆ ಪೌಂಡಿನಲ್ಲಿ ಬೆಲೆ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನ ಉತ್ತರ ಭಾಗದ ಕೈಗಾರಿಕಾ ಊರುಗಳಲ್ಲಿದೆ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಸ್ಟೋಕ್ ಬಳಿಯ ಗೋಲ್ಡನ್ ಟಾರ್ಚ್, ಬ್ಲ್ಯಾಕ್‌ಪೂಲ್ ಮೆಕ್ಕಾ, 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ: ಈ ನೃತ್ಯಶಾಲೆಗಳಲ್ಲಿ ದುಡಿಯುವ ವರ್ಗದ ಯುವಜನರು ಅಮೆರಿಕದ ವೇಗದ ಲಯದ ಸೋಲ್ ಹಾಡುಗಳಿಗೆ ರಾತ್ರಿಯಿಡೀ ಕುಣಿಯುತ್ತಿದ್ದರು. ವಿಗನ್‌ನಲ್ಲಿ ಕುಣಿತ ನಿಲ್ಲುತ್ತಿದ್ದದ್ದು ಬೆಳಗಿನ ಎಂಟು ಗಂಟೆಗೆ. ಲಂಡನ್ನಿನಲ್ಲಿ ತಟ್ಟೆಯಂಗಡಿ ನಡೆಸುತ್ತಿದ್ದ ಬರಹಗಾರ ಡೇವ್ ಗಾಡಿನ್ ಅವರು ಉತ್ತರದ ಗಿರಾಕಿಗಳ ಈ ವಿಶಿಷ್ಟ ರುಚಿಗೆ 'ನಾರ್ದರ್ನ್ ಸೋಲ್' ಎಂದು ಹೆಸರಿಟ್ಟರು, ಹೆಸರು ನಿಂತಿತು.

ಈ ನೃತ್ಯಶಾಲೆಗಳ ಒಂದು ಗುಣ ಬೆಲೆಯ ವಿಷಯದಲ್ಲಿ ನಿರ್ಣಾಯಕವಾದುದು. ಬೇರೆ ಕಡೆ ಎಲ್ಲರಿಗೂ ಗೊತ್ತಿರುವ ಹಾಡನ್ನು ಹಾಕಿದ ಡಿಜೆಗೆ ಮನ್ನಣೆ. ಇಲ್ಲಿ ಯಾರೂ ಕೇಳಿರದ ಹಾಡನ್ನು ಹಾಕಿದವನಿಗೆ. ಪ್ರತಿಸ್ಪರ್ಧಿಗಳಿಗೆ ಸುಳಿವು ಸಿಗದಿರಲೆಂದು ಲೇಬಲಿನ ಮೇಲೆ ಕಾಗದ ಅಂಟಿಸಿ, ಗಾಯಕರಿಗೆ ಸುಳ್ಳು ಹೆಸರಿಡುವ ರೂಢಿಯೇ ಬೆಳೆಯಿತು. ಇದಕ್ಕೆ 'ಕವರ್ ಅಪ್' ಎನ್ನುತ್ತಾರೆ. ಫ್ರಾಂಕ್ ವಿಲ್ಸನ್ ಅವರ ಹಾಡು ವಿಗನ್‌ನಲ್ಲಿ ಮೊದಲು ಮೊಳಗಿದ್ದು ಎಡ್ಡಿ ಫಾಸ್ಟರ್ ಎಂಬ ಬೇರೆ ಗಾಯಕನ ಹೆಸರಿನಲ್ಲಿ. ಜೊತೆಗೆ, ಮೂಲ ಅಚ್ಚಿನ ತಟ್ಟೆಯನ್ನೇ ಹಾಕಬೇಕು, ಮರುಮುದ್ರಣ ಸಲ್ಲದು ಎಂಬ ಕಟ್ಟುಪಾಡು ಈ ವಲಯದಲ್ಲಿ ಇಂದಿಗೂ ಬಲವಾಗಿದೆ. ಮೋಟೌನ್ ಸಂಸ್ಥೆಯೇ 1979ರಲ್ಲಿ ವಿಲ್ಸನ್ ಅವರ ಸಿಂಗಲನ್ನು ಬ್ರಿಟನ್ನಿನಲ್ಲಿ ಮತ್ತೆ ಹೊರತಂದಿತು. ಆ ಹಾಡನ್ನು ಕೇಳುವ ಆಸೆಯಿದ್ದವರಿಗೆ ಅಂದೇ ಅದು ಸಿಕ್ಕಿಹೋಯಿತು. ಹಾಗಿದ್ದೂ ಮೂಲ ಪ್ರತಿಯ ಬೆಲೆ ಏರುತ್ತಲೇ ಹೋಯಿತೆಂದರೆ, ಕೊಳ್ಳುವವರು ಹಣ ತೆರುವುದು ಕೇಳುವುದಕ್ಕಲ್ಲ, ಆ ಇತಿಹಾಸದ ಒಂದು ತುಣುಕನ್ನು ಕೈಯಲ್ಲಿ ಹಿಡಿಯುವುದಕ್ಕೆ. ಇದನ್ನು ನಾನು ಗೌರವಿಸುತ್ತೇನೆ. ಅಮೆರಿಕದ ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದ ಎಷ್ಟೋ ಕಂಠಗಳನ್ನು ಉಳಿಸಿದ್ದು ಈ ಹಟವೇ.

ನಾಲ್ಕನೇ ಹೆಜ್ಜೆ: ಅಸಲಿಯೋ ನಕಲಿಯೋ ಪರೀಕ್ಷಿಸಿ

ಹಣ ಇರುವಲ್ಲಿ ನಕಲು ಹುಟ್ಟುತ್ತದೆ. ಬೇಡಿಕೆಯಿದ್ದ ತಟ್ಟೆಗಳ ಬೂಟ್‌ಲೆಗ್, ಅಂದರೆ ಅನುಮತಿಯಿಲ್ಲದೆ ತಯಾರಿಸಿದ, ಪ್ರತಿಗಳು 1970ರ ದಶಕದಲ್ಲೇ ಧಾರಾಳವಾಗಿ ಅಚ್ಚಾದವು. ಅವೂ ಈಗ ಐವತ್ತು ವರ್ಷ ಹಳೆಯವಾದುದರಿಂದ, ಹಳೆಯದಾಗಿ ಕಾಣುತ್ತದೆ ಎಂಬುದು ಅಸಲಿತನಕ್ಕೆ ಪುರಾವೆಯಾಗುವುದಿಲ್ಲ.

ಮೊದಲು ನೋಡಬೇಕಾದ ಜಾಗ, ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲಿನವರೆಗೆ ಉಳಿಯುವ ನುಣುಪಾದ ಪಟ್ಟಿ. ಸಂಗ್ರಾಹಕರು ಇದನ್ನು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಮ್ಯಾಟ್ರಿಕ್ಸ್ ಸಂಖ್ಯೆ ಎಂಬ ಅಚ್ಚಿನ ಗುರುತುಸಂಖ್ಯೆ, ಧ್ವನಿ ಕೊರೆದ ಸ್ಟುಡಿಯೋದ ಮುದ್ರೆ, ಅಚ್ಚು ಹಾಕಿದ ಕಾರ್ಖಾನೆಯ ಗುರುತು ಇಲ್ಲಿರುತ್ತವೆ. ಉದಾಹರಣೆಗೆ, ಮೋಟೌನಿನ ಎಷ್ಟೋ ತಟ್ಟೆಗಳನ್ನು ಒತ್ತಿದ ಮಿಷಿಗನ್ ರಾಜ್ಯದ ಒವಾಸೊ ಊರಿನ ಕಾರ್ಖಾನೆ 'ಎಆರ್‌ಪಿ' ಎಂಬ ಅಕ್ಷರಗಳನ್ನು ಕೂಡಿಸಿ ಬರೆದ ಮುದ್ರೆ ಹಾಕುತ್ತಿತ್ತು. ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯ ತಟ್ಟೆಗಳಲ್ಲಿ ಪುಟ್ಟ ತ್ರಿಕೋನದ ಜೊತೆಗೊಂದು ಸಂಖ್ಯೆ ಇರುತ್ತದೆ. ದೃಢಪಟ್ಟ ಮೂಲ ಪ್ರತಿಯಲ್ಲಿ ಯಂತ್ರದ ಮುದ್ರೆಯಿದ್ದು, ನಿಮ್ಮ ಮುಂದಿರುವುದರಲ್ಲಿ ಅದೇ ಸಂಖ್ಯೆಯನ್ನು ಕೈಯಲ್ಲಿ ಗೀಚಿದ್ದರೆ ಅಲ್ಲಿಗೇ ನಿಲ್ಲುವುದು ಒಳಿತು.

ಎರಡನೆಯದು ವಸ್ತು. ಅಮೆರಿಕದ ಹಲವು ಸಿಂಗಲ್‌ಗಳು ವಿನೈಲ್ ಅಲ್ಲ, ಸ್ಟೈರೀನ್ ಎಂಬ ಗಡುಸಾದ ಪ್ಲಾಸ್ಟಿಕ್ಕಿನವು. ವಿನೈಲ್ ತಟ್ಟೆಯಲ್ಲಿ ಲೇಬಲಿನ ಕಾಗದ ತಟ್ಟೆಯ ಜೊತೆಯಲ್ಲೇ ಒತ್ತಲ್ಪಟ್ಟು ಒಂದಾಗಿರುತ್ತದೆ. ಸ್ಟೈರೀನಿನಲ್ಲಿ ಸಾಮಾನ್ಯವಾಗಿ ಆಮೇಲೆ ಅಂಟಿಸಿರುತ್ತಾರೆ. ಒಂದು ಸಿಂಗಲಿನ ಮೂಲ ಅಚ್ಚು ಸ್ಟೈರೀನಿನಲ್ಲಿ ಮಾತ್ರ ಬಂದಿತ್ತೆಂದು ಗೊತ್ತಿದ್ದರೆ, ಬಾಗುವ ವಿನೈಲ್ ಪ್ರತಿ ತಾನೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಆದರೆ ಪರೀಕ್ಷಿಸಲೆಂದು ಬಗ್ಗಿಸಬೇಡಿ, ಸ್ಟೈರೀನ್ ಸೀಳುತ್ತದೆ.

ಮೂರನೆಯ ಪರೀಕ್ಷೆ ಕಿವಿಯದು, ನನಗೆ ಅತ್ಯಂತ ಮೆಚ್ಚಿನದು. ಮೂಲ ಟೇಪು ಸಿಗದ ನಕಲುಗಾರರು ಮತ್ತೊಂದು ತಟ್ಟೆಯಿಂದಲೇ ಧ್ವನಿ ಎತ್ತುತ್ತಿದ್ದರು. ಹಾಗಾಗಿ ಆ ಮೊದಲ ತಟ್ಟೆಯ ಮೇಲೆ ಮುಳ್ಳು ಉಜ್ಜಿದ ಸದ್ದೂ ನಕಲಿನಲ್ಲಿ ಉಳಿದುಬಿಡುತ್ತದೆ. ಹಾಡು ಆರಂಭವಾಗುವ ಮುನ್ನಿನ ಮೌನವನ್ನು ಗಮನವಿಟ್ಟು ಕೇಳಿ. ತಟ್ಟೆಯ ಮೇಲೆ ಕಣ್ಣಿಗೆ ಯಾವ ಗೀರೂ ಕಾಣದಿದ್ದು, ಕಿವಿಗೆ ಮಾತ್ರ ಚಟಪಟ ಕೇಳಿಸಿದರೆ, ಆ ಗೀರು ಬೇರೊಂದು ತಟ್ಟೆಯದು.

ಐದನೇ ಹೆಜ್ಜೆ: ಸ್ಥಿತಿಯ ದರ್ಜೆ ಓದಿ

ಅಮೆರಿಕದಲ್ಲಿ ಗೋಲ್ಡ್‌ಮೈನ್ ಪದ್ಧತಿ, ಬ್ರಿಟನ್ನಿನಲ್ಲಿ ರೆಕಾರ್ಡ್ ಕಲೆಕ್ಟರ್ ಪದ್ಧತಿ ಬಳಕೆಯಲ್ಲಿವೆ. ಎರಡರಲ್ಲೂ ಮೇಲಿನ ದರ್ಜೆ ಮಿಂಟ್. ಅದರ ಕೆಳಗಿನದನ್ನು ಅಮೆರಿಕದವರು ನಿಯರ್ ಮಿಂಟ್ ಎಂದರೆ ಬ್ರಿಟಿಷರು ಎಕ್ಸಲೆಂಟ್ ಎನ್ನುತ್ತಾರೆ. ಗುಡ್ ಎಂದು ಬರೆದದ್ದನ್ನು ಓದಿ ತಟ್ಟೆ ಚೆನ್ನಾಗಿದೆ ಎಂದು ತಿಳಿಯುವುದು ಹೊಸಬರ ಸಾಮಾನ್ಯ ತಪ್ಪು. ದರ್ಜೆಯ ಭಾಷೆಯಲ್ಲಿ ಅದು ಸಾಕಷ್ಟು ಸವೆದ ತಟ್ಟೆ. ಸಾಮಾನ್ಯ ತಟ್ಟೆಗೆ ಒಂದು ದರ್ಜೆ ಇಳಿದರೆ ಬೆಲೆ ಅರ್ಧಕ್ಕಿಳಿಯಬಹುದು. ಮೂರೋ ನಾಲ್ಕೋ ಪ್ರತಿಗಳಷ್ಟೇ ಉಳಿದಿರುವಲ್ಲಿ ಮಾತ್ರ ಲೇಬಲಿನ ಮೇಲಿನ ಪೆನ್ನಿನ ಗೀಚನ್ನೂ ಕೊಳ್ಳುವವರು ಕ್ಷಮಿಸುತ್ತಾರೆ.

ಆರನೇ ಹೆಜ್ಜೆ: ಸಂಖ್ಯೆಯನ್ನು ಬಿಡಿಸಿ ನೋಡಿ

ಹರಾಜಿನ ಕೊನೆಯ ಕೂಗನ್ನು ನಿರ್ಧರಿಸುವವನು ಗೆದ್ದವನಲ್ಲ, ಸೋತ ಎರಡನೆಯವನು. ಅವನು ಎಲ್ಲಿ ಕೈಬಿಡುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬೆಲೆ ನಿಲ್ಲುತ್ತದೆ. ಆದ್ದರಿಂದ ದಾಖಲೆ ಬೆಲೆಯ ಅರ್ಥ ಇಷ್ಟೇ: ಆ ದಿನ ಅಷ್ಟು ಕೊಡಲು ಸಿದ್ಧರಿದ್ದವರು ಇಬ್ಬರಿದ್ದರು. ಗೆದ್ದವನ ಆಸೆ ತೀರಿದ ಮೇಲೆ ಎರಡನೇ ಪ್ರತಿ ಹರಾಜಿಗೆ ಬಂದರೆ, ಸ್ಪರ್ಧೆಯಲ್ಲಿ ಒಬ್ಬ ಕಡಿಮೆ. ಎಲ್ಲಿಯೋ ಹಳೆಯ ಗೋದಾಮಿನಲ್ಲಿ ಒಂದು ಪೆಟ್ಟಿಗೆ ತಟ್ಟೆ ಸಿಕ್ಕಿತೆಂದರೆ ಬೆಲೆ ರಾತ್ರೋರಾತ್ರಿ ಕುಸಿಯುತ್ತದೆ.

ವರದಿಯಾದ ಮೊತ್ತ ಹರಾಜಿನದೋ ಇಬ್ಬರ ನಡುವಿನ ಖಾಸಗಿ ಮಾರಾಟದ್ದೋ ಎಂದು ನೋಡಿ. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಬಾರದು. ಹರಾಜು ಮನೆಗಳಲ್ಲಿ ಕೊನೆಯ ಕೂಗಿನ ಮೇಲೆ ಕೊಳ್ಳುವವನಿಂದ ಐದನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚಿನ ಶುಲ್ಕ ಪಡೆಯುವುದುಂಟು. ಸುದ್ದಿಯಲ್ಲಿನ ಸಂಖ್ಯೆಯಲ್ಲಿ ಅದು ಸೇರಿದೆಯೇ ಎಂದು ಗಮನಿಸಿ. ಆನ್‌ಲೈನ್ ಹರಾಜಿನಲ್ಲಿ ಗೆದ್ದವನು ಹಣ ಕೊಡದೆ ಹೋದರೂ ಕೊನೆಯ ಕೂಗು ದಾಖಲೆಯಾಗಿ ಉಳಿದುಬಿಡುವುದರಿಂದ, ಪಾಪ್‌ಸೈಕ್, ಡಿಸ್ಕಾಗ್ಸ್‌ನಂಥ ತಾಣಗಳಲ್ಲಿ ಹಳೆಯ ಬೆಲೆ ಹುಡುಕುವಾಗ ಒಂದೇ ಎತ್ತರದ ಸಂಖ್ಯೆಯನ್ನು ನಂಬದೆ ಹಲವು ಮಾರಾಟಗಳನ್ನು ನೋಡಬೇಕು. ರೂಪಾಯಿಗೆ ಬದಲಿಸುವಾಗ ಮಾರಾಟದ ದಿನದ ದರವನ್ನೇ ಹಿಡಿಯಿರಿ: 2009ರ 25,742 ಪೌಂಡು ಆಗಿನ ದರದಲ್ಲಿ ಸುಮಾರು ಹತ್ತೊಂಬತ್ತು ಲಕ್ಷ ರೂಪಾಯಿಯಾದರೆ, 2014ರ ದರದಲ್ಲಿ ಅದೇ ಪೌಂಡುಗಳು ಇಪ್ಪತ್ತೈದು ಲಕ್ಷವಾಗುತ್ತವೆ.

ಈ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಒಂದು ಪಾಲಿದೆ, ಅದು ಗಾಯಕರದು. ಚಿತ್ರಕಲಾವಿದರ ಕೃತಿ ಬ್ರಿಟನ್ನಿನಲ್ಲಿ ಮರುಮಾರಾಟವಾದಾಗ ಅವರಿಗೋ ವಾರಸುದಾರರಿಗೋ ಒಂದು ಪಾಲು ಸಲ್ಲಬೇಕೆಂಬ ಕಾನೂನಿದೆ. ತಟ್ಟೆಗಳಿಗೆ ಅದು ಅನ್ವಯಿಸುವುದಿಲ್ಲ. ಡ್ಯಾರೆಲ್ ಬ್ಯಾಂಕ್ಸ್ ಅವರು 1970ರಲ್ಲಿ ಡೆಟ್ರಾಯಿಟಿನಲ್ಲಿ ಗುಂಡೇಟಿಗೆ ಬಲಿಯಾದರು. ಅವರ ತಟ್ಟೆಗೆ ಬಂದ 14,543 ಪೌಂಡಿನಲ್ಲಿ ಅವರ ಹೆಸರಿಗೆ ಒಂದು ಪೆನ್ನಿಯೂ ಇಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

ನೀವೇ ಕೂಗುವುದಾದರೆ

ಮೇಲಿನ ಆರೂ ಹೆಜ್ಜೆಗಳನ್ನು ದಾಟಿದ ಮೇಲೆ, ಶುಲ್ಕ, ಸಾಗಣೆ, ಆಮದು ಸುಂಕ ಎಲ್ಲವನ್ನೂ ಸೇರಿಸಿ ಒಂದು ಗರಿಷ್ಠ ಮೊತ್ತವನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಹರಾಜಿನ ಬಿಸಿಯಲ್ಲಿ ಅದನ್ನು ತಿದ್ದಬೇಡಿ. ಡೆಡ್ ವ್ಯಾಕ್ಸಿನ ಸ್ಪಷ್ಟ ಚಿತ್ರವನ್ನೂ ಇಡೀ ಹಾಡಿನ ಧ್ವನಿತುಣುಕನ್ನೂ ಮಾರುವವರಿಂದ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಬಿಟ್ಟುಬಿಡಿ. ತಟ್ಟೆ ಹಿಂದೆ ಯಾರ ಬಳಿಯಿತ್ತು ಎಂಬುದಕ್ಕೆ ಹಳೆಯ ರಶೀದಿಯೋ ಪತ್ರವೋ ಇದ್ದರೆ ಅದನ್ನೂ ತಟ್ಟೆಯೊಂದಿಗೆ ಕೊಡಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕಳುಹಿಸುವಾಗ ತಟ್ಟೆಯನ್ನು ಎರಡು ದಪ್ಪ ರಟ್ಟುಗಳ ನಡುವೆ ಅಲುಗಾಡದಂತೆ ಕಟ್ಟಿ, ಪೂರ್ಣ ಮೊತ್ತಕ್ಕೆ ವಿಮೆ ಮಾಡಿಸಲು ಹೇಳಿ. ಕೈಸೇರಿದ ದಿನವೇ ಡೆಡ್ ವ್ಯಾಕ್ಸಿನ ಸಂಖ್ಯೆಯನ್ನು ಚಿತ್ರದೊಂದಿಗೆ ಹೋಲಿಸಿ, ಹಾಡಿನ ಮುನ್ನಿನ ಮೌನವನ್ನು ಒಮ್ಮೆ ಪೂರ್ತಿಯಾಗಿ ಕೇಳಿ.