ಕೊನೆಗೂ ಗೆರೆ ನೆಟ್ಟಗೆ ಬಂತು

ಎಂಟು ಬಣ್ಣದ ಚಾನೆಲ್ ಇರುವ ಅಗ್ಗದ ಸೆನ್ಸರ್ ಹಿಡಿದು ಸಮುದ್ರದ ನೀರಿನ ಕೆಡಿ (Kd, ಆಳಕ್ಕೆ ಇಳಿದಂತೆ ಬೆಳಕು ಎಷ್ಟು ಬೇಗ ಕುಂದುತ್ತದೆ ಅನ್ನುವ ಅಂಕಿ) ಅಳೆಯುತ್ತೇನೆ ಎಂದಾಗ ಜೊತೆಯವರು ನಕ್ಕಿದ್ದರು. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಎಂದರು. ಮೊದಲ ಸಲ ಅವರ ಮಾತೇ ನಿಜವಾಯಿತು. ಆರು ಮೀಟರ್ ಇಳಿಸುವಷ್ಟರಲ್ಲಿ ಡಬ್ಬಿಯೊಳಗೆ ಉಪ್ಪುನೀರು ನುಗ್ಗಿ ಬೋರ್ಡ್ ಸತ್ತುಹೋಯಿತು. ಬಿಚ್ಚಿ ನೋಡಿದರೆ ನೀರು ತಡೆಯುವ ರಬ್ಬರ್ ಬಳೆಗೆ (ಓ-ರಿಂಗ್) ಒಂದು ಕೂದಲು ಅಂಟಿತ್ತು. ಆ ಕೂದಲಿನ ಬೆಲೆ ನನಗೆ ಹೆಚ್ಚೂಕಡಿಮೆ ಅರ್ಧ ತಿಂಗಳ ಸಂಬಳ!

ಎರಡನೆಯದರಲ್ಲಿ ನೀರು ಬರಲಿಲ್ಲ, ಆದರೆ ಗೆರೆ ಸೊಟ್ಟ. ಆಳ ಹೆಚ್ಚಿದಂತೆ ಬೆಳಕು ಕುಂದುವುದನ್ನು ಲಾಗ್ ಗ್ರಾಫಿನಲ್ಲಿ (ಒಂದೊಂದು ಹೆಜ್ಜೆಗೂ ಹತ್ತು ಪಟ್ಟು ಬದಲಾಗುವ ಅಳತೆಯಲ್ಲಿ) ಎಳೆದರೆ ನೆಟ್ಟಗೆ ಇಳಿಯಬೇಕಾದ ಗೆರೆ ಮೊದಲ ನಾಲ್ಕೈದು ಮೀಟರಿನಲ್ಲಿ ಡೊಂಕಾಗುತ್ತಿತ್ತು. ದೋಣಿಯ ನೆರಳು! ಬಿಸಿಲಿನ ಕಡೆಯಿಂದಲೇ ಇಳಿಸಿದ್ದೆ, ಆದರೂ ಅಂಚಿಗೆ ತೀರಾ ಹತ್ತಿರವಾಗಿತ್ತು. ತೇಲುಬುರುಡೆಗೆ ಕಟ್ಟಿ ಸುಮಾರು 15 ಮೀಟರ್ ಆಚೆ ಬಿಟ್ಟ ಮೇಲೆ ಆ ಡೊಂಕು ಹೋಯಿತು. ಆಮೇಲೆ ಮೋಡದ ಕಾಟ. ಅದಕ್ಕೆ ಅಂಥದ್ದೇ ಇನ್ನೊಂದು ಸೆನ್ಸರ್ ಮೇಲೆ ಇಟ್ಟು, ಕೆಳಗಿನದನ್ನು ಮೇಲಿನದರಿಂದ ಭಾಗಿಸಿದೆ. ಮತ್ತೆ ಖರ್ಚು.

ಅಲೆಗಳಂತೂ ಭೂತಗನ್ನಡಿಯಂತೆ ಬೆಳಕನ್ನು ಒಂದೆಡೆ ಸೇರಿಸುತ್ತವೆ. ಎರಡು ಮೀಟರ್ ಆಳದಲ್ಲಿ ಒಂದು ಕ್ಷಣದ ಓದಿಗೂ ಮುಂದಿನದಕ್ಕೂ ದುಪ್ಪಟ್ಟು ವ್ಯತ್ಯಾಸ. ಒಂದೊಂದು ಆಳದಲ್ಲೂ ಒಂದು ನಿಮಿಷ ನಿಲ್ಲಿಸಿ ಸರಾಸರಿ ತೆಗೆಯುತ್ತೇನೆ. ಯಾವ ಸರಾಸರಿ, ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಸೆನ್ಸರ್ ಮೇಲೆ ಕೂತು ಬೆಳಕನ್ನು ಹರಡುವ ಟೆಫ್ಲಾನ್ ಬಿಲ್ಲೆಯ (ಡಿಫ್ಯೂಸರ್) ಅಂಚು ಎಷ್ಟು ಮೇಲೆ ಬಿಟ್ಟಿದ್ದೇನೆ ಅನ್ನುವುದೂ ಅಷ್ಟೇ, ಅದಕ್ಕೆ ಹತ್ತು ಹನ್ನೆರಡು ಬಿಲ್ಲೆ ಹಾಳು ಮಾಡಿದ್ದೇನೆ.

"ಕ್ಯಾಲಿಬ್ರೇಶನ್ ಇಲ್ಲದೆ ಹೇಗೆ?" ಎಂದು ಎಲ್ಲರೂ ಕೇಳಿದರು. ಗೊತ್ತಿರುವ ಬೆಳಕಿಗೆ ಹೋಲಿಸಿ ಓದನ್ನು ಸರಿಹೊಂದಿಸುವ ಆ ಕೆಲಸದ ಖರ್ಚು ಇಡೀ ಉಪಕರಣಕ್ಕಿಂತ ಜಾಸ್ತಿ. ನನಗೆ ಬೇಕಾದ್ದು ಗೆರೆಯ ಇಳಿಜಾರು ಮಾತ್ರ, ಅಲ್ವಾ? ಸೆನ್ಸರ್ ನೇರ ಅನುಪಾತದಲ್ಲಿ ಓದಿದರೆ ಸಾಕು. ಕತ್ತಲೆಯ ಓದನ್ನು ಕಳೆಯುವುದನ್ನು ಮಾತ್ರ ಮರೆಯಬಾರದು.

ಫಲ? ಕರಾವಳಿಯಲ್ಲಿ ನೀಲಿ ಬೇಗ ಸತ್ತು, ಹಸಿರು ಆಳಕ್ಕೆ ಹೋಯಿತು. 480 ನ್ಯಾನೊಮೀಟರ್ ತರಂಗದ ನೀಲಿಯಲ್ಲಿ ಕೆಡಿ ಮೀಟರಿಗೆ 0.45 ಆಸುಪಾಸು, 555ರ ಹಸಿರಿನಲ್ಲಿ 0.25. ತೆರೆದ ಸಾಗರದಲ್ಲಿ ಪೂರ್ತಿ ಉಲ್ಟಾ: 480ರಲ್ಲಿ 0.03, 555ರಲ್ಲಿ 0.07. ಸಮುದ್ರದ ನೀರನ್ನು ತಿಳಿತನದ ಮೇಲೆ ದರ್ಜೆಗಳಾಗಿ ಹಂಚುವ ಯೆರ್ಲೊವ್ ವಿಂಗಡಣೆಯ ಐಬಿ (ತಿಳಿ ಸಾಗರದ) ನೀರಿಗೆ ಹತ್ತಿರ. ಅದೇ ಡಬ್ಬಿ, ಅದೇ ಹಗ್ಗ. ನಕ್ಕವರ ಮುಂದೆ ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ಸುಮ್ಮನೆ ಕೂತೆ.

ಒಬ್ಬರಿಗೆ ಆಗಲೂ ನಂಬಿಕೆ ಬರಲಿಲ್ಲ. ಸರಿ, ಎಷ್ಟು ಆಳದಲ್ಲಿ ಕಣ್ಣಿಗೆ ಮಾಯವಾಗುತ್ತದೆ ಅನ್ನುವುದರಿಂದ ನೀರಿನ ತಿಳಿತನ ಅಳೆಯುವ ಸೆಕಿ ತಟ್ಟೆ ಇಳಿಸಿದೆವು. ಇಟಲಿಯ ಖಗೋಳ ವಿಜ್ಞಾನಿ ಸೆಕಿ 1865ರಲ್ಲಿ ಮೆಡಿಟರೇನಿಯನ್‌ನಲ್ಲಿ ಇಳಿಸಿದ ಆ ಬಿಳಿ ತಟ್ಟೆಯೇ. ಕರಾವಳಿಯಲ್ಲಿ 5 ಮೀಟರಿಗೆ ಮಾಯ. ಕೆಡಿ ಅಂದಾಜಿಸುವ ರೂಢಿಯ ಲೆಕ್ಕದಂತೆ 1.7ನ್ನು ಆ 5ರಿಂದ ಭಾಗಿಸಿದರೆ 0.34. ನನ್ನ ನೀಲಿ, ಹಸಿರು ಚಾನೆಲ್‌ಗಳ ನಡುವೆ ಕೂತಿತು. ಕದಡಿದ ನೀರಿಗೆ 1.44 ಬಳಸಬೇಕು ಎಂದು ಅವರು ವಾದಿಸಿದರು. ಆಗ 0.29, ಅದೂ ನಡುವೆಯೇ!

ಕರಾವಳಿಯಲ್ಲಿ ನೀಲಿ ಏಕೆ ಅಷ್ಟು ಬೇಗ ಹೋಗುತ್ತದೆ ಎಂದು ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಒಂದು ಮೀಟರ್ ಕೊಳವೆಗೆ ತುಂಬಿದೆ. ಲೋಟದಲ್ಲಿ ನೋಡಿದರೆ ಕುಡಿಯುವ ನೀರಿನಷ್ಟೇ ತಿಳಿ. ಆದರೆ ಬಟ್ಟಿ ಇಳಿಸಿದ ನೀರಿಗೆ ಹೋಲಿಸಿದರೆ 415ರ ನೇರಳೆ ಚಾನೆಲ್ ಮೂರನೇ ಒಂದು ಭಾಗ ಕುಸಿದಿತ್ತು. ಮಣ್ಣು, ಪಾಚಿ ಎಲ್ಲ ಫಿಲ್ಟರಿನಲ್ಲೇ ಉಳಿದರೂ, ಕೊಳೆತ ಗಿಡಗಂಟಿಯಿಂದ ಕರಗಿ ಬಂದ ಹಳದಿ ಬಣ್ಣ ದಾಟಿ ಬಂದಿತ್ತು.

680ರ ಕೆಂಪು ಚಾನೆಲ್ ಮಾತ್ರ ಇನ್ನೂ ಸತಾಯಿಸುತ್ತಿದೆ. ಕೆಂಪು ಹತ್ತು ಮೀಟರಿನಲ್ಲೇ ನೂರರಲ್ಲಿ ಒಂದು ಪಾಲಾಗಬೇಕು. ನನ್ನದು 30 ಮೀಟರಿನಲ್ಲೂ ಏನೋ ಓದುತ್ತಿತ್ತು. ಪಾಚಿಯ ಪತ್ರಹರಿತ್ತು ಬೆಳಕು ಹೀರಿ 685ರ ಹತ್ತಿರ ತಾನೇ ಕೆಂಪಗೆ ಹೊಳೆಯುತ್ತದಲ್ಲ, ಅದನ್ನೇ ಹಿಡಿದೆ ಎಂದು ಕುಣಿದಾಡಿದೆ. ಕತ್ತಲೆ ಕೋಣೆಯಲ್ಲಿ ನೀಲಿ ಎಲ್‌ಇಡಿ ತೋರಿಸಿದೆ. ಕೆಂಪು ಚಾನೆಲ್ ಆಗಲೂ ಓದಿತು! ಸೆನ್ಸರ್‌ನ ಫಿಲ್ಟರೇ ಸೋರುತ್ತಿದೆ. ಈಗ ಅದರ ಮೇಲೆ ನೀಲಿ ತಡೆಯುವ ಕೆಂಪು ಗಾಜು ಅಂಟಿಸಿದ್ದೇನೆ. ಮುಂದಿನ ಸಲ ಆಮೇಲೂ ಏನಾದರೂ ಉಳಿದರೆ, ಅದು ಪಾಚಿಯದ್ದೋ ನೀರಿನ ರಾಮನ್ ಚದುರಿಕೆಯದ್ದೋ (ನೀರು ಚದುರಿಸುವಾಗ ಬೆಳಕಿನ ಬಣ್ಣವೇ ಕೆಂಪಿನತ್ತ ಸರಿಯುವುದು) ನೋಡಬೇಕು.