ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಪುಣೆ ಜಿಲ್ಲೆಯ ಬಾರಾಮತಿ, ಇಂದಾಪುರ ಕಡೆ ಕಬ್ಬು ಸಾಗಿಸಲು ವಿಜಯಪುರ, ಕಲಬುರಗಿಯಿಂದ ಟ್ರ್ಯಾಕ್ಟರ್ ತರುವವರು ವಾರಕ್ಕೊಮ್ಮೆ ಗಾಡಿ ತೊಳೆದರೆ ಸಾಕು. ರೇಡಿಯೇಟರ್ ಮಾತ್ರ ದಿನಾ ನೋಡಲೇಬೇಕು. ರವದಿ (ಕಬ್ಬಿನ ಒಣ ಎಲೆ), ದೂಳು ಸೇರಿ ಅದರ ಜಾಲರಿ ಮುಚ್ಚಿದರೆ ಎಂಜಿನ್ ವಿಪರೀತ ಕಾಯುತ್ತದೆ. ಫ್ಯಾನ್ ಬದಿಯಿಂದ ಹೊರಗಡೆಗೆ ಗಾಳಿ ಹೊಡೆಯಿರಿ. ಜೋರಾಗಿ ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ತೊಳೆಯುವುದು ಎಂಜಿನ್ ತಣ್ಣಗಾದ ಮೇಲೆಯೇ. ಡೈನಮೊ, ಸ್ಟಾರ್ಟರ್, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ತೊಳೆದ ಕೂಡಲೇ ನಿಪ್ಪಲ್‌ಗಳಿಗೆ (ಗ್ರೀಸ್ ತುಂಬುವ ಸಣ್ಣ ಮೂತಿಗಳಿಗೆ), ಹಳೆಯದು ಹೊರಬರುವವರೆಗೆ, ಹೊಸ ಗ್ರೀಸ್ ಹೊಡೆಯಿರಿ. ಇದನ್ನು ಬಿಡುವವರೇ ಹೆಚ್ಚು. ಒಳಗೆ ನಿಂತ ನೀರು ಪಿನ್, ಬುಷ್ ತಿನ್ನುತ್ತದೆ.

ಆಯಿಲ್ ಬಾತ್ (ಎಣ್ಣೆಯಲ್ಲಿ ದೂಳು ಹಿಡಿಯುವ) ಏರ್ ಕ್ಲೀನರ್ ಇದ್ದರೆ ಅದರ ಬಟ್ಟಲಿನ ಎಣ್ಣೆ ಕೆಸರಾದಾಗ ಬದಲಿಸಿ. ಗುರುತು ಮೀರಿ ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಎಂಜಿನ್ ಆಯಿಲ್ ಹಲವು ಮಾದರಿಗಳಲ್ಲಿ ಎಂಜಿನ್ ಓಡಿದ 250 ಗಂಟೆಗೊಮ್ಮೆ ಬದಲಿಸಬೇಕು. ನಿಮ್ಮದಕ್ಕೆ ಎಷ್ಟೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.