ಮಳೆಗಾಲದಲ್ಲೂ ಗೇಮ್ಸ್ ಪಿರಿಯಡ್ ಬಿಡಲಿಲ್ಲ

ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮಾಸ್ಟ್ರು. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಮೈದಾನ ಗದ್ದೆಯಂತಾಗುತ್ತದೆ. ಆಗ ಗೇಮ್ಸ್ ಪಿರಿಯಡ್ ಸುಮ್ನೆ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆಟವೇ ಇಲ್ಲ. ಅಂದರೆ ಶೀತ-ಜ್ವರ ಜಾಸ್ತಿ ಇರುವಾಗ, ಪರೀಕ್ಷೆಯ ಹೆದರಿಕೆ ಜಾಸ್ತಿ ಇರುವಾಗಲೇ ಆಟ ನಿಲ್ಲುತ್ತದೆ. ಇದು ನನಗೆ ಸರಿ ಕಾಣಲಿಲ್ಲ.

ಒತ್ತಡ ಬಿದ್ದಾಗ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಡುತ್ತದೆ. ಅದೇನೂ ಶತ್ರುವಲ್ಲ. ಬೆಳಿಗ್ಗೆ ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ತಾನಾಗಿ ಏರಿ, ರಾತ್ರಿ ಹೊತ್ತಿಗೆ ಇಳಿಯಬೇಕು. ಇಳಿಯದೆ ವಾರಗಟ್ಟಲೆ ಮೇಲೇ ಉಳಿದರೆ ನಿದ್ದೆ ಕೆಡಬಹುದು, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿಯೂ ಕುಗ್ಗುತ್ತದೆ. ಜೋರಾಗಿ ಓಡಿದಾಗಲೂ ಕಾರ್ಟಿಸಾಲ್ ಏರುತ್ತದೆ, ಆದರೆ ಆಟ ಮುಗಿದ ಮೇಲೆ ಇಳಿಯುತ್ತದೆ. ಓಡುವ ಹೊತ್ತಿನಲ್ಲಿ ರೋಗನಿರೋಧಕ ಕಣಗಳು ಹೆಚ್ಚು ಸಂಖ್ಯೆಯಲ್ಲಿ ರಕ್ತಕ್ಕೆ ಬಂದು ಮೈಯೆಲ್ಲ ಸುತ್ತುತ್ತವೆ. ಅತಿಯಾಗಬಾರದು ಅಷ್ಟೆ. ತಿಂಗಳುಗಟ್ಟಲೆ ಕಠಿಣ ತರಬೇತಿ ಮಾಡುವ ಕ್ರೀಡಾಪಟುಗಳ ಎಂಜಲಿನಲ್ಲಿ, ಬಾಯಿ-ಗಂಟಲನ್ನು ಕಾಯುವ ಐಜಿಎ ಎಂಬ ಪ್ರತಿಕಾಯ ಕಡಿಮೆಯಾಗುವುದುಂಟು.

ಹಾಗಾಗಿ ನನ್ನ ಅಳತೆ ಸರಳ. ಆಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಳೆ ಬಂದರೆ ಉದ್ದ ಜಗಲಿಯಲ್ಲೇ ಕೆರೆ-ದಡ, ಕುಂಟೆಬಿಲ್ಲೆ, ಸ್ಕಿಪ್ಪಿಂಗ್. ನೆಲ ಒದ್ದೆ ಇದ್ದರೆ ಓಟ ಬೇಡ, ನಿಂತಲ್ಲೇ ಜಿಗಿತ. ಕೊನೆಯ ಐದು ನಿಮಿಷ ನಿಧಾನ ಉಸಿರಾಟ. ಬೆವರು ಒರೆಸಿ, ನೀರು ಕುಡಿದು ಕ್ಲಾಸಿಗೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಬೇರೆ ವಿಷಯಕ್ಕೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಗೇಮ್ಸ್ ಪಿರಿಯಡ್ ಬಂದರೆ ಹೊಟ್ಟೆನೋವು. ಪಕ್ಕದಲ್ಲಿ ಕೂರಿಸಿ ಕೇಳಿದೆ. "ಸರ್, ನನ್ನನ್ನು ಯಾವಾಗಲೂ ಲಾಸ್ಟಿಗೆ ಕರೀತಾರೆ" ಅಂದಳು. ನಾಲ್ಕು ಜನರ ಮುಂದೆ ಸಣ್ಣವರಾಗುವ ಭಯ ಕಾರ್ಟಿಸಾಲನ್ನು ಚೆನ್ನಾಗಿಯೇ ಏರಿಸುತ್ತದೆ. ಒತ್ತಡ ಇಳಿಸಲಿ ಅಂತ ಇಟ್ಟ ಪಿರಿಯಡ್ಡೇ ಮಗುವಿಗೆ ಒತ್ತಡವಾದರೆ ಏನು ಬಂತು, ಅಲ್ವಾ?

ಅಂದಿನಿಂದ ನಾಯಕರು ಆರಿಸುವ ಪದ್ಧತಿ ತೆಗೆದೆ. ಒಂದು-ಎರಡು ಎಣಿಸಿ ತಂಡ ಮಾಡುತ್ತೇನೆ. ಔಟ್ ಆದವರು ಮೂಲೆಯಲ್ಲಿ ಕೂರುವುದಿಲ್ಲ, ಹತ್ತು ಸಲ ಜಿಗಿದು ಮತ್ತೆ ಆಟಕ್ಕೆ ಬರುತ್ತಾರೆ. ಬೇಗ ಔಟ್ ಆಗುವ ಮಗುವಿಗೇ ಆಟ ಜಾಸ್ತಿ ಬೇಕಾಗಿರುತ್ತದೆ. ಓಟದ ಸಮಯ ಬರೆಯುತ್ತೇನೆ, ಆದರೆ ಅವರವರ ಪುಸ್ತಕದಲ್ಲಿ ಮಾತ್ರ. ಹೋದ ತಿಂಗಳ ತಮ್ಮ ಓಟದ ಜೊತೆಗೇ ಅವರ ಸ್ಪರ್ಧೆ. ತಪ್ಪಿಗೆ ಮೈದಾನ ಸುತ್ತಿಸುವ ಶಿಕ್ಷೆಯಂತೂ ಇಲ್ಲವೇ ಇಲ್ಲ. ತಾಲೂಕು ಮಟ್ಟಕ್ಕೆ ಹೋಗುವ ಮಕ್ಕಳ ತರಬೇತಿ ಬೇರೆ, ಅದು ಶಾಲೆ ಬಿಟ್ಟ ಮೇಲೆ. ಆ ಹುಡುಗಿಯ ಹೊಟ್ಟೆನೋವಿನ ಚೀಟಿ ಬರುವುದು ನಿಂತಿತು. ಈಗ ಸ್ಕಿಪ್ಪಿಂಗ್ ಹಗ್ಗ ತರುವವಳು ಅವಳೇ.

ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಗಣಿತದ ಟೀಚರ್ ಹತ್ತಿರ ಕೂತು ಮಾತಾಡಿದೆ. ಸಂಜೆ ಸ್ಪೆಷಲ್ ಕ್ಲಾಸಿಗೆ ಮೊದಲು ಇಪ್ಪತ್ತು ನಿಮಿಷ ಕೇಳಿದೆ, ಕೊಟ್ಟರು. ಆಡಿ ಬಂದ ಮಕ್ಕಳು ತೂಕಡಿಸುವುದು ಕಡಿಮೆ ಅಂತ ಅವರೇ ಹೇಳಿದರು. ನಾನು ಕಾರ್ಟಿಸಾಲ್ ಅಳೆದಿಲ್ಲ. ನನಗೆ ಕಾಣುವುದು ಮುಖ, ಹಾಜರಿ, ನಿದ್ದೆಯ ಬಗ್ಗೆ ಮಕ್ಕಳು ಹೇಳುವ ಮಾತು. ಅಷ್ಟರ ಮೇಲೆ ಈ ಪಿರಿಯಡ್‌ಗಾಗಿ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡುತ್ತೇನೆ.

ಜ್ವರ ಬಿಟ್ಟು ಬಂದ ಮಗುವನ್ನು ಮಾತ್ರ ಕೂಡಲೇ ಓಡಿಸುವುದಿಲ್ಲ. ಮೊದಲು ಸ್ಕೋರ್ ಬರೆಯಲಿ, ಆಮೇಲೆ ನಡೆಯಲಿ. ಡೆಂಗ್ಯೂ ಆಗಿದ್ದರೆ ಡಾಕ್ಟರ್ ಹೂಂ ಅನ್ನುವವರೆಗೆ ಕಾಯುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಶಾಲೆಯಲ್ಲಿ ಅಷ್ಟು ಸಿಗುವುದಿಲ್ಲ. ಅದಕ್ಕೇ ಪೋಷಕರ ಸಭೆಯಲ್ಲಿ ನಾನು ಕೇಳುವುದು ಒಂದೇ: ಸಂಜೆ ಟ್ಯೂಷನ್‌ಗೆ ಕಳಿಸುವ ಮೊದಲು ಅಂಗಳದಲ್ಲಿ ಅರ್ಧ ಗಂಟೆ ಬಿಡಿ.